ನರಹರಿರಾಯರ ಹೊಸ್ತಿಲು

ನಾನು ನಕ್ಷೆ ಬರೆದ ಮನೆಗಳಲ್ಲಿ ಒಂದರಲ್ಲಿಯೂ ನಾನು ವಾಸ ಮಾಡಿದವನಲ್ಲ. ಆದರೆ ನಿವೃತ್ತಿಯ ಈ ದಿನಗಳಲ್ಲಿ, ಬೆಳಗಿನ ಪೂಜೆ ಮುಗಿಸಿ, ಹಣೆಯ ಗಂಧ ಆರುವ ಮೊದಲೇ ಆರ್.ಟಿ. ನಗರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬಂದು ಕುಳಿತೆನೆಂದರೆ ಆ ಮನೆಗಳು ಒಂದೊಂದಾಗಿ ಕಣ್ಣೆದುರು ನಿಲ್ಲುತ್ತವೆ. ಯಾವುದರ ಒಲೆ ಯಾವ ಮೂಲೆಯಲ್ಲಿತ್ತು, ಯಾವ ಕಿಟಕಿಗೆ ಇಳಿಬಿಸಿಲು ಬೀಳುತ್ತಿತ್ತು, ಯಾವ ಗೋಡೆ ಮೊದಲ ಮಳೆಗೇ ಬೆವರಿತು, ಎಲ್ಲವೂ ನೆನಪಿದೆ. ನನಗೆ ಬಂದ ಬಡ್ತಿಗಳು ಮಾತ್ರ ಯಾವ ವರ್ಷ ಬಂದವೆಂಬುದನ್ನು ಪಿಂಚಣಿಯ ಕಾಗದ ನೋಡಿಯೇ ಹೇಳಬೇಕು.

ಈ ವೃತ್ತಿಗೆ ಹೊಸದಾಗಿ ಬಂದ ತರುಣ ತರುಣಿಯರು ಆಗೊಮ್ಮೆ ಈಗೊಮ್ಮೆ ನನ್ನಲ್ಲಿಗೆ ಬರುತ್ತಾರೆ. ಬಡವರಿಗೆ ಅಗ್ಗದಲ್ಲಿ ಮನೆ ಕಟ್ಟುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಕೇಳುತ್ತಾರೆ. ಉತ್ತರವಾಗಿ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಜಕ್ಕೂರಿನ ಹತ್ತಿರ ನಾವು ಕಟ್ಟಿದ ಒಂದು ಬೀದಿಯ ಸಂಗತಿಯನ್ನು ಹೇಳುತ್ತೇನೆ. ಭಗವಂತನು ನೆನಪನ್ನು ಇನ್ನೂ ಉಳಿಸಿರುವಾಗಲೇ ಅದನ್ನು ಬರೆದಿಡುವುದು ಮೇಲೆಂದು ತೋರಿತು.

ನಮ್ಮ ತಂದೆಯವರು ಸಂಸ್ಕೃತ ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ನನಗೆ ಅಕ್ಷರಾಭ್ಯಾಸದ ಜೊತೆಗೇ ಅಮರಕೋಶವೂ ಶಬ್ದರೂಪಗಳೂ ಬಂದವು. ಮಗ ವ್ಯಾಕರಣ ಓದಿಯಾನೆಂದು ಎಣಿಸಿದ್ದ ಅವರಿಗೆ ನಾನು ವಾಸ್ತುಶಿಲ್ಪವನ್ನು ಆರಿಸಿಕೊಂಡದ್ದು ಅಷ್ಟೇನೂ ಹಿಡಿಸಲಿಲ್ಲ. ತಾಯಿಯವರು ಮಾತ್ರ ಬೇಗ ಒಗ್ಗಿಕೊಂಡರು. ಆರ್ಕಿಟೆಕ್ಟ್ ಎಂದರೇನು ಎಂದು ನೆರೆಮನೆಯವರು ಕೇಳಿದರೆ, "ನಮ್ಮ ಹುಡುಗ ಮನೆಗಳಿಗೆ ಜಾತಕ ಬರೀತಾನೆ ಕಣ್ರೀ" ಎಂದು ಗಂಭೀರವಾಗಿ ಉತ್ತರಿಸುತ್ತಿದ್ದರು.

ನಾನು ಸೇರಿದ್ದು ಸರ್ಕಾರದ ವಸತಿ ವಿಭಾಗದ ಒಂದು ಕಚೇರಿಗೆ. ಆ ಕಾಲದ ನಕ್ಷೆಯ ಕೊಠಡಿಯನ್ನು ಈಗಿನವರು ಊಹಿಸಿಕೊಳ್ಳುವುದು ಕಷ್ಟ. ಎತ್ತರದ ಸ್ಟೂಲುಗಳು, ಓರೆಯಾದ ಮೇಜುಗಳು, ಅವುಗಳ ಮೇಲೆ ಹಾಳೆಗೆ ಬೆವರು ತಾಕದಂತೆ ಮೊಣಕೈ ಎತ್ತಿ ಗೆರೆಯೆಳೆಯುವ ನಾವು. ಮಸಿಯ ಗೆರೆ ತಪ್ಪಿತೆಂದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಹೆಚ್ಚು ಕೆರೆದರೆ ಟ್ರೇಸಿಂಗ್ ಹಾಳೆಯೇ ತೂತಾಗಿ ಮೊದಲಿನಿಂದ ಆರಂಭ. ಪಕ್ಕದ ಕತ್ತಲೆಯ ಕೋಣೆಯಲ್ಲಿ ಅಮೋನಿಯಾ ಹೊಗೆಯಲ್ಲಿ ಪ್ರತಿಗಳು ತಯಾರಾಗುತ್ತಿದ್ದವು. ಸಂಜೆ ನಾನು ಮನೆಯೊಳಗೆ ಬಂದೊಡನೆ ತಾಯಿಯವರು ಸೆರಗು ಮೂಗಿಗೆ ಹಿಡಿದು, "ನೀನು ಆಫೀಸಲ್ಲಿ ಕೆಲಸ ಮಾಡ್ತೀಯೋ, ಕುದುರೆ ಲಾಯದಲ್ಲೋ? ಮೊದಲು ಬಚ್ಚಲಿಗೆ ನಡಿ" ಎನ್ನುವರು.

ನಮ್ಮ ಮೇಲಧಿಕಾರಿಗಳು ನರಹರಿರಾಯರು. ನಿಲುವು ನೆಟ್ಟಗೆ, ಪಂಚೆಯ ಕಚ್ಚೆಯ ಬದಲು ಇಸ್ತ್ರಿಯ ಪ್ಯಾಂಟು ಬಂದಿದ್ದರೂ ಹಣೆಯ ಅಂಗಾರ ಅಕ್ಷತೆ ತಪ್ಪದವರು. ನನ್ನ ಮನೆತನವನ್ನು ತಿಳಿದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಕೋಪ ಬಂದರೆ "ಶಾಸ್ತ್ರಿಗಳೇ", ಸಂತೋಷವಾದರೆ "ಏನಯ್ಯಾ ಶಾಸ್ತ್ರಿ". ಅವರಿಗೆ ಈ ಲೋಕದಲ್ಲಿ ಇದ್ದ ಶತ್ರು ಒಂದೇ, ಅದು ಮರ. ಮನೆ ದುಬಾರಿಯಾಗುವುದು ಮರದಿಂದ ಎಂಬುದು ಅವರ ದೃಢ ನಂಬಿಕೆ. ಕೆಂಪು ಪೆನ್ಸಿಲು ಹಿಡಿದು ನಮ್ಮ ನಕ್ಷೆಗಳ ಮೇಲೆ ಬಗ್ಗಿದರೆಂದರೆ ಅಟ್ಟದ ತೊಲೆ ಹೋಯಿತು, ಗೂಡಿನ ಕದ ಹೋಯಿತು, ಕಿಟಕಿಯ ಒಳಚೌಕಟ್ಟು ಹೋಯಿತು. ಹಾಗೆ ಉಳಿಸಿದ ಮರದಿಂದ ಇನ್ನಷ್ಟು ಜನಕ್ಕೆ ಸೂರು ಸಿಗುತ್ತದೆಂದು ಅವರು ಹೇಳುವಾಗ ಕಣ್ಣಲ್ಲಿ ನಿಜವಾದ ಬೆಳಕಿರುತ್ತಿತ್ತು. ಅವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪೂರ್ವಪುಣ್ಯ. ಅವರೊಡನೆ ವಾದಿಸಬೇಕಾಗಿ ಬಂದದ್ದು ಬಹುಶಃ ಅವರ ಪೂರ್ವಪಾಪ.

ಜಕ್ಕೂರಿನ ಬೀದಿಗೆ ಮೊದಲು ಯಶವಂತಪುರದ ಹತ್ತಿರ ಒಂದು ಸಣ್ಣ ಕಾಲೋನಿ ಕಟ್ಟಿದ್ದೆವು. ಅಲ್ಲಿಯ ಅಡುಗೆಮನೆಗಳಲ್ಲಿ ನಿಂತು ಅಡುಗೆ ಮಾಡುವಂಥ ಕಲ್ಲಿನ ಕಟ್ಟೆ ಇಟ್ಟಿದ್ದೆವು, ಪುಸ್ತಕದಲ್ಲಿ ಹಾಗೆ ಇತ್ತು. ಜನ ಬಂದು ನೆಲೆಸಿದ ಮೇಲೆ ನೋಡಲು ಹೋದರೆ, ಮನೆಮನೆಯಲ್ಲೂ ಒಲೆ ನೆಲದ ಮೇಲೆ, ಹೆಂಗಸರು ಅದರ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಕಟ್ಟೆಯ ಮೇಲೆ ಕಾವು ಕೂತ ಕೋಳಿ. ಒಬ್ಬ ಮುದುಕಿ ಕೈಮುಗಿದು, "ಕೋಳಿಗ್ ಚೆನ್ನಾಗ್ ಮಾಡ್ಸವ್ರೆ ಸ್ವಾಮಿ, ಬೆಕ್ಕಿನ್ ಕಾಟ ಇಲ್ಲ" ಎಂದಳು. ಕೋಳಿ ನನ್ನನ್ನು ಒಂದು ಕಣ್ಣಿನಿಂದ ನೋಡಿ ಮತ್ತೆ ಮುದುಡಿಕೊಂಡಿತು. ನಾನು ಈ ಸಂಗತಿಯನ್ನು ವರದಿಯಲ್ಲಿ ಬರೆದೆ. ನರಹರಿರಾಯರು ಓದಿ ಬಹಳ ನಕ್ಕು, ಮುಂದಿನ ನಕ್ಷೆಯಿಂದ ಕಟ್ಟೆಯನ್ನು ಹೊಡೆದುಹಾಕಿದರು. ಆ ನಗು ಮಾಸುವ ಮೊದಲೇ, ಅದೇ ಕೆಂಪು ಪೆನ್ಸಿಲಿನಿಂದ, ಹೊಸ್ತಿಲನ್ನೂ ಹೊಡೆದುಹಾಕಿದರು.

ಬಾಗಿಲುವಾಡವೆಂದರೆ ನಾಲ್ಕು ಮರಗಳ ಚೌಕಟ್ಟು. ಎರಡು ನಿಂತವು, ಒಂದು ತಲೆಯ ಮೇಲೆ, ಒಂದು ಕಾಲಡಿಯಲ್ಲಿ. ಕಾಲಡಿಯದು ಹೊಸ್ತಿಲು. ಅದನ್ನು ತೆಗೆದು, ನಿಂತ ಎರಡನ್ನೂ ನೇರವಾಗಿ ಗಾರೆಯಲ್ಲಿ ಹೂಳಿದರೆ ಬಾಗಿಲೇನೂ ಬೀಳುವುದಿಲ್ಲ, ಮನೆಯೊಂದಕ್ಕೆ ಒಳ್ಳೆಯ ಮರದ ತುಂಡೊಂದು ಉಳಿಯುತ್ತದೆ. ರಾಯರು ಇದಕ್ಕೆ "ಮೂರು ಮರದ ಚೌಕಟ್ಟು" ಎಂದು ಹೆಸರಿಟ್ಟರು. ಜಕ್ಕೂರಿನಲ್ಲಿ ಇದು ಗೆದ್ದರೆ ರಾಜ್ಯಕ್ಕೆಲ್ಲ ಇದೇ ಮಾದರಿಯಾಗುವುದೆಂಬ ಆಸೆ ಅವರದು.

ನಾನು ಹಿಂಜರಿಯುತ್ತಲೇ, "ಸಾರ್, ಹೊಸ್ತಿಲಿಗೆ ನಮ್ಮಲ್ಲಿ ಪೂಜೆಯುಂಟು" ಎಂದೆ.

"ಇದೆ ಕಣಯ್ಯಾ. ನಮ್ಮನೇಲೂ ಇದೆ. ಅಭ್ಯಾಸ ಅಷ್ಟೇ. ಇಲ್ಲದಿದ್ದರೆ ಆರು ತಿಂಗಳಲ್ಲಿ ಮರೀತಾರೆ. ತಲೆ ಮೇಲೆ ಸೂರಿಲ್ಲದವನಿಗೆ ಕಾಲಡಿ ಮರ ಯಾತಕ್ಕೆ, ಶಾಸ್ತ್ರಿಗಳೇ?"

ಅಂದು ಸಂಜೆ ಊಟದ ಹೊತ್ತಿನಲ್ಲಿ ಇದನ್ನು ತಾಯಿಯವರಿಗೆ ಹೇಳಿದೆ. ಅವರು ಹುಳಿಯ ಸೌಟನ್ನು ಪಾತ್ರೆಯಲ್ಲಿಯೇ ನಿಲ್ಲಿಸಿ, "ನರಹರಿ ಅಂತ ಹೆಸರಿಟ್ಟುಕೊಂಡು ಹೊಸ್ತಿಲು ಕೀಳಿಸ್ತಾರೇನೋ? ಆ ಸ್ವಾಮಿ ಹಿರಣ್ಯಕಶಿಪುವನ್ನ ಎಲ್ಲಿ ಕೂತು ಕೊಂದ ಅಂತ ಅವರಿಗೆ ಯಾರೂ ಹೇಳಲಿಲ್ಲವೇ?" ಎಂದರು. ಈ ಪ್ರಶ್ನೆಯನ್ನು ಮೇಲಧಿಕಾರಿಗಳ ಮುಂದಿಡುವ ಧೈರ್ಯ ನನಗಿರಲಿಲ್ಲ.

ಮನೆಗಳು ಎದ್ದವು. ಜಕ್ಕೂರು ಆಗ ಹಳ್ಳಿ. ಹೆಬ್ಬಾಳದ ಕೆರೆ ದಾಟಿದ ಮೇಲೆ ಬಸ್ಸಿನ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ಮನುಷ್ಯನ ಎತ್ತರದ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ಹಸಿರು ಚಪ್ಪರಗಳು. ತಲೆಯ ಮೇಲೆ ವಿಮಾನ ಕಲಿಸುವ ಶಾಲೆಯ ಸಣ್ಣ ವಿಮಾನಗಳು ಗುಂಯ್‌ಗುಟ್ಟಿ ಹೋಗುತ್ತಿದ್ದವು. ಆ ಹಳದಿ ರೆಕ್ಕೆಗಳನ್ನು ನೋಡಲು ಗಾರೆಯವರು ಕರಣೆ ಕೈಯಲ್ಲಿ ಹಿಡಿದು ನಿಂತುಬಿಡುವರು, ಗಾರೆ ಒಣಗುವುದು, ಮೇಸ್ತ್ರಿ ಕೂಗುವನು. ಹೀಗೆ ಕಟ್ಟಿದ ಬೀದಿಗೆ ಬರಬೇಕಾದವರು ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊರುವ ಕುಟುಂಬಗಳು. ಅವರು ಹಳಿಗಳ ಪಕ್ಕದಲ್ಲಿ ತಡಿಕೆಯ ಗುಡಿಸಲು ಕಟ್ಟಿಕೊಂಡಿದ್ದರು. ಅಲ್ಲಿ ಹೊಸ ಹಳಿ ಬರುವುದೆಂದು ಜಾಗ ಬಿಡಲು ಹೇಳಿದ್ದರು.

ಆ ಜನಕ್ಕೆಲ್ಲ ಹಿರಿಯಳು ಅಕ್ಕಯ್ಯಮ್ಮ. ಗಂಡ ತೀರಿದ ಮೇಲೆ ಸೊಪ್ಪು ಮಾರಿ ಮಗ ಮುನಿರಾಜುವನ್ನು ಬೆಳೆಸಿದವಳು. ಮಾತು ಎಷ್ಟು ಜೋರೋ ನಗುವೂ ಅಷ್ಟೇ ಜೋರು. ಮುನಿರಾಜುವಿಗೆ ದೇವನಹಳ್ಳಿ ಕಡೆಯ ಅಂಜಿನಪ್ಪನೆಂಬ ರೈತನ ಮಗಳು ಗೌರಮ್ಮನನ್ನು ಗೊತ್ತುಮಾಡಿದ್ದರು. ತಡಿಕೆಗೆ ಹೆಣ್ಣು ಕೊಡುವುದಿಲ್ಲ, ಮನೆಯಾಗಲಿ ಎಂದು ಅಂಜಿನಪ್ಪ ಕಾದಿದ್ದ. ಆಷಾಢ ಬರುವುದರೊಳಗೆ ಮದುವೆ ಎಂದು ಗೊತ್ತಾಗಿತ್ತು.

ಬೀದಿ ಸಿದ್ಧವಾದ ಮೇಲೆ ಅಕ್ಕಯ್ಯಮ್ಮ ತನ್ನ ಬೀಗರಾಗುವವರನ್ನು ಹೆಮ್ಮೆಯಿಂದ ಮನೆ ತೋರಿಸಲು ಕರೆತಂದಳು. ನಾನು ಅಂದು ಅಲ್ಲಿಯೇ ಇದ್ದೆ. ಅಂಜಿನಪ್ಪ ಗೋಡೆ ತಟ್ಟಿ ನೋಡಿದ, ಹೆಂಚು ಎಣಿಸುವವನಂತೆ ತಲೆಯೆತ್ತಿ ನೋಡಿದ, ತೃಪ್ತಿಯಿಂದ ಮೀಸೆ ಸವರಿಕೊಂಡ. ಒಳಗೆ ಹೋಗಲು ಬಾಗಿಲ ಬಳಿ ಬಂದವನು ಕೆಳಗೆ ನೋಡಿ ನಿಂತುಬಿಟ್ಟ.

"ಒಸ್ಲೆಲ್ಲಮ್ಮ?"

ಹೊಸ್ತಿಲನ್ನು ಅವರ ಕಡೆ ಒಸ್ಲು ಎನ್ನುತ್ತಾರೆ. ಅಕ್ಕಯ್ಯಮ್ಮ ಬಾಗಿಲನ್ನೂ ನನ್ನನ್ನೂ ನೋಡಿದಳು.

"ಇದು ಗೌರ್ಮೆಂಟ್ ಮನೆ ಬೀಗ್ರೇ, ಇಂಗೇ ಇರ್ತದೆ."

"ಗೌರ್ಮೆಂಟ್‌ಗೆ ಸೊಸೆ ಬರಾಕಿಲ್ವಾ? ನನ್ ಮಗಳು ಅಕ್ಕಿ ಸೇರು ಒದ್ಕಂಡ್ ಒಳೀಕ್ ಬರ್ಬೇಕಲ್ಲಾ, ಸೇರ್ ಎಲ್ಲಿಕ್ತೀಯಾ? ಬೀದೀಲಾ?"

ಹೊಸ ಸೊಸೆ ಗಂಡನ ಮನೆ ತುಂಬುವಾಗ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒಳಕ್ಕೆ ನೂಕಿಕೊಂಡು ಬರುವ ಪದ್ಧತಿ ಓದುಗರಿಗೆ ತಿಳಿದದ್ದೇ. ಅಕ್ಕಿ ಮನೆಯೊಳಗೆ ಚೆಲ್ಲಬೇಕು, ಅದರ ಮೇಲೆ ಲಕ್ಷ್ಮಿ ನಡೆದು ಬರಬೇಕು. ಅಕ್ಕಯ್ಯಮ್ಮ ಸೋಲುವವಳಲ್ಲ. ಗಾರೆಯವರು ಬಿಟ್ಟುಹೋಗಿದ್ದ ಹಲಗೆಯೊಂದನ್ನು ಎಳೆತಂದು ಬಾಗಿಲಿಗೆ ಅಡ್ಡವಾಗಿ ಇಟ್ಟಳು. ಅಂಜಿನಪ್ಪ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ನೂಕಿದ. ಹಲಗೆ ಜಾರಿ ಮಗುಚಿತು.

"ನನ್ ಮಗಳು ಅಕ್ಕೀನೂ ಒದಿಯಾದು, ಒಸ್ಲೂ ಒದಿಯಾದು, ಎಲ್ಡೂ ಒಂದೇ ದಪ ಆಯ್ತದೆ" ಎಂದು ನಕ್ಕ. ಆದರೆ ಹೊರಡುವಾಗ ನಗುತ್ತಿರಲಿಲ್ಲ. "ನೋಡಮ್ಮಾ, ಒಸ್ಲಿಲ್ದಿದ್ ಮನೇಗೆ ಹೆಣ್ ಕೊಟ್ರೆ ನಮ್ಮೂರಲ್ಲಿ ನಾನ್ ತಲೆ ಎತ್ತಾಕಾಗಲ್ಲ. ಆಸಾಡಕ್ ಮುಂಚೆ ಆದ್ರೆ ಆಯ್ತು. ಆಗ್ದಿದ್ರೆ ಮಾಲೂರಿಂದೊಂದು ಸಂಬಂದ ಕೇಳ್ತಾವ್ರೆ."

ಅವನು ಹೋದ ಮೇಲೆ ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನೆದುರು ನಿಂತಳು. "ಸ್ವಾಮಿ, ಕೋಳಿಗ್ ಕಟ್ಟೆ ಮಾಡ್ಸಿದ್ರಂತೆ. ನನ್ ಸೊಸೇಗೊಂದು ಒಸ್ಲು ಮಾಡ್ಸಕಾಗಲ್ವಾ?" ಯಶವಂತಪುರದ ಕೋಳಿಯ ಕೀರ್ತಿ ಹಳಿಯ ಪಕ್ಕದ ತಡಿಕೆಗಳಿಗೂ ಹಬ್ಬಿತ್ತು.

ಅವಳು ಒಪ್ಪುವವರೆಗೆ ಉಳಿದವರಾರೂ ಆ ಮನೆಗಳಿಗೆ ಕಾಲಿಡಲಿಲ್ಲ. ಬೀಗದಕೈಗಳು ನಮ್ಮ ಕಚೇರಿಯ ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಸರ್ಕಾರದ ಮನೆಯಾದುದರಿಂದ ಅವರೇ ಏನನ್ನೂ ಸೇರಿಸುವಂತಿಲ್ಲ. ನಕ್ಷೆಯನ್ನು ಬದಲಿಸಬೇಕಾದರೆ ನರಹರಿರಾಯರ ಸಹಿ ಬೇಕು. ನಾನು ಮತ್ತೆ ಹೋಗಿ ನಿಂತೆ. ಈ ಸಲ ಅಂಜಿನಪ್ಪನ ಮಾತು, ಮಾಲೂರಿನ ಸಂಬಂಧ, ಆಷಾಢ, ಎಲ್ಲವನ್ನೂ ವಿವರಿಸಿದೆ. ರಾಯರು ಕೇಳಿ ಕೆಂಪು ಪೆನ್ಸಿಲನ್ನು ಕೆಳಗಿಟ್ಟರು.

"ಒಂದು ಮನೆಗೆ ಕೊಟ್ಟರೆ ಬೀದಿಗೆಲ್ಲಾ ಕೊಡಬೇಕು. ಬೀದಿಗೆ ಕೊಟ್ಟರೆ ನನ್ನ ಮೂರು ಮರದ ಚೌಕಟ್ಟು ಎಲ್ಲಿ ಉಳೀತಯ್ಯಾ? ನಾನೇ ಬಂದು ಹೇಳ್ತೀನಿ. ತಿಳಿಸಿ ಹೇಳಿದರೆ ಯಾರಿಗೆ ತಿಳಿಯೋಲ್ಲ?"

ಮರುದಿನವೇ ಜೀಪಿನಲ್ಲಿ ಬಂದರು. ಬೀದಿಯಲ್ಲಿ ಅಕ್ಕಯ್ಯಮ್ಮನೂ ಮೂಟೆ ಹೊರುವ ಗಂಡಸರೂ ಅವರ ಹೆಂಡಿರೂ ಸೇರಿದ್ದರು. ರಾಯರು ಸೊಗಸಾಗಿಯೇ ಮಾತಾಡಿದರು. ಮರ ಎಷ್ಟು ಅಮೂಲ್ಯವಾದುದು, ಒಂದು ಮರ ಉಳಿದರೆ ಇನ್ನೊಬ್ಬರಿಗೆ ಮನೆ, ಕಾಲ ಬದಲಾಗಿದೆ, ಮನೆ ದೊಡ್ಡದಾಗುವುದು ಒಳಗಿರುವವರ ಮನಸ್ಸಿನಿಂದ. ಜನ ತಲೆಯಾಡಿಸುತ್ತ ಕೇಳಿದರು. ಕೊನೆಗೆ ರಾಯರು, "ಇದರಲ್ಲಿ ಹೆದರೋದು ಏನಿದೆ? ನೋಡಿ, ಮೊದಲು ನಾನೇ ಒಳಗೆ ಹೋಗ್ತೀನಿ" ಎಂದು ಪಾದರಕ್ಷೆ ಕಳಚಿ, ನಮ್ಮ ಕಡೆ ಮುಖ ಮಾಡಿ ಮಾತಾಡುತ್ತಲೇ ಅಕ್ಕಯ್ಯಮ್ಮನ ಮನೆಯ ಬಾಗಿಲಿಗೆ ನಡೆದರು.

ಬಾಗಿಲ ಬಳಿ ಬಂದಾಗ ಅವರ ಬಲಗಾಲು ತಾನಾಗಿಯೇ ಮೇಲೆದ್ದಿತು. ಹುಟ್ಟಿದಂದಿನಿಂದ ಹೊಸ್ತಿಲನ್ನು ತುಳಿಯದೆ ದಾಟಿ ಬಂದ ಕಾಲು ಅದು. ಮೊಣಕಾಲಿನವರೆಗೆ ಎತ್ತಿ, ಅಲ್ಲಿಲ್ಲದ ಹೊಸ್ತಿಲನ್ನು ಗೌರವದಿಂದ ದಾಟಿ, ಆಚೆಗೆ ನೆಲವನ್ನು ಹುಡುಕಿತು. ನೆಲ ಅವರೆಣಿಸಿದ್ದಕ್ಕಿಂತ ಕೆಳಗೆ ಸಿಕ್ಕಿತು. ರಾಯರು ಧಪ್ಪನೆ ಕಾಲೂರಿ, ಮುಗ್ಗರಿಸಿ, ಬಾಗಿಲುವಾಡವನ್ನು ಎರಡು ಕೈಗಳಿಂದಲೂ ತಬ್ಬಿ ನಿಂತರು. ಕನ್ನಡಕ ಒಂದು ಕಿವಿಯಿಂದ ಜೋತಿತು.

ಅಕ್ಕಯ್ಯಮ್ಮ ಬಹಳ ವಿನಯದಿಂದ ಕೇಳಿದಳು:

"ಏನ್ ಸ್ವಾಮಿ ದಾಟಿದ್ದು?"

ನಾನು ತಲೆ ತಗ್ಗಿಸಿದೆ. ನಗುವನ್ನು ತಡೆಯಲು ನರಸಿಂಹ ಸ್ತೋತ್ರವನ್ನೇ ಮನಸ್ಸಿನಲ್ಲಿ ಆರಂಭಿಸಿದೆನೆಂದು ನೆನಪು. ರಾಯರು ಕನ್ನಡಕವನ್ನು ಸರಿಮಾಡಿಕೊಂಡರು. ಬಾಗಿಲ ಕೆಳಗಿನ ಬರಿಯ ನೆಲವನ್ನು ನೋಡಿದರು. ಏನನ್ನೋ ಪರೀಕ್ಷಿಸುವವರಂತೆ ಹೊರಗೆ ಬಂದು, ಹಿಂದಕ್ಕೆ ಸರಿದು, ಈ ಸಲ ಮಾತಾಡದೆ, ನೆಲವನ್ನೇ ನೋಡುತ್ತ ನಡೆದರು. ಬಾಗಿಲು ಬಂದೊಡನೆ ಕಾಲು ಮತ್ತೆ ಎದ್ದಿತು. ಎದ್ದ ಕಾಲನ್ನು ಗಾಳಿಯಲ್ಲಿಯೇ ನಿಲ್ಲಿಸಿ ಅವರು ಅದನ್ನು ನೋಡಿದ ರೀತಿ, ಬೇರೆ ಯಾರದೋ ಕಾಲನ್ನು ನೋಡಿದಂತಿತ್ತು.

ಆಮೇಲೆ ಅವರು ನಕ್ಕರು. ಕೋಳಿಯ ವರದಿ ಓದಿ ನಕ್ಕದ್ದಕ್ಕಿಂತಲೂ ಹೆಚ್ಚಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದನ್ನು ನೋಡಿ ಇಡೀ ಬೀದಿ ನಕ್ಕಿತು.

"ಆಯ್ತಮ್ಮಾ, ನಾನು ಒಪ್ಪಿದರೂ ಈ ಕಾಲು ಒಪ್ಪೋ ಹಾಗೆ ಕಾಣಲ್ಲ" ಎಂದು ಅಕ್ಕಯ್ಯಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದರು. "ಶಾಸ್ತ್ರೀ, ಹೊಸ್ತಿಲು ಹಾಕಿಸು. ಆದರೆ ಮರ ಕೊಡೋಲ್ಲ, ಒಂದು ಕಡ್ಡಿ ಕೊಡೋಲ್ಲ. ನನ್ನ ಚೌಕಟ್ಟು ಮುಟ್ಟಕೂಡದು, ಕದ ಕೊಯ್ಯಕೂಡದು. ಏನು ಮಾಡ್ತೀಯೋ ಮಾಡು."

ಮರವಿಲ್ಲದ ಹೊಸ್ತಿಲೆಂದರೆ ಕಲ್ಲಿನದು. ನಮ್ಮ ಕದಗಳು ಒಳಮುಖವಾಗಿ ತೆರೆಯುತ್ತಿದ್ದವು. ಕದದ ಹೊರಬದಿಗೆ, ನಿಂತ ಎರಡು ಮರಗಳ ನಡುವೆ ಉದ್ದನೆಯ ಕಲ್ಲೊಂದನ್ನು ಅರ್ಧ ಹೂತು ಕೂರಿಸಿದರೆ ಚೌಕಟ್ಟಿಗೂ ಕದಕ್ಕೂ ಏನೂ ಆಗುವುದಿಲ್ಲ. ಕದ ಮುಚ್ಚಿದಾಗ ಕಲ್ಲಿಗೆ ಒರಗಿ ನಿಲ್ಲುತ್ತದೆ, ಮಳೆಯ ನೀರೂ ಒಳಗೆ ಬರುವುದಿಲ್ಲ. ಬಸ್ಸಿಗೆ ಕಾಯುತ್ತ ಇಷ್ಟನ್ನು ಮನಸ್ಸಿನಲ್ಲಿಯೇ ಬರೆದುಕೊಂಡೆ. ಆದರೆ ಬೀದಿಗೆಲ್ಲ ಕಲ್ಲು ತರುವುದೆಲ್ಲಿಂದ? ಕ್ವಾರಿಗೆ ಹೇಳಿ ಕೊಯ್ಸಿ ತರಿಸುವ ಹೊತ್ತಿಗೆ ಆಷಾಢ ಕಳೆದು ಗೌರಿಹಬ್ಬ ಬಂದಿರುತ್ತದೆ.

ಇಷ್ಟದೇವತೆಯನ್ನು ನೆನೆದು ತಲೆಯೆತ್ತಿದೆ. ಎದುರಿಗೇ ಒಂದು ದ್ರಾಕ್ಷಿ ತೋಟ ಕೀಳುತ್ತಿದ್ದರು. ದೇವರು ನನ್ನ ಪಾಲಿಗೆ ಇಷ್ಟು ತ್ವರೆಯಾಗಿ ಉತ್ತರಿಸಿದ್ದು ಅದೊಂದೇ ಸಲ, ಆದುದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ತೋಟದ ಯಜಮಾನ ಪಿಳ್ಳಪ್ಪ, ಹಳೆಯ ಜಕ್ಕೂರಿನವನು, ಬಳ್ಳಿಗೆ ರೋಗ ಬಿದ್ದು ಚಪ್ಪರ ತೆಗೆಸುತ್ತಿದ್ದ. ಎಷ್ಟೋ ಕಂಬಗಳು ಕೀಳುವಾಗ ನೆಲಮಟ್ಟದಲ್ಲಿಯೇ ಮುರಿದುಹೋಗಿದ್ದವು. ಬುಡ ಮಣ್ಣಿನಲ್ಲಿಯೇ ಉಳಿದು, ಮೇಲಿನ ತುಂಡುಗಳು ರಾಶಿ ಬಿದ್ದಿದ್ದವು. ಮತ್ತೆ ಕಂಬವಾಗಲು ಗಿಡ್ಡ, ಬಾಗಿಲಿಗೆ ಉದ್ದ ಸರಿಯಾಗಿಯೇ ಇತ್ತು. ನಾನು ಕೇಳಿದಾಗ ಪಿಳ್ಳಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮುರಿದ್ ಕಲ್ಲಾ? ಏನ್ ಮಾಡ್ತೀರಾ ಸ್ವಾಮಿ?"

"ಹೊಸ್ತಿಲು ಮಾಡ್ತೀವಿ."

"ದ್ರಾಕ್ಸಿ ಕಂಬ್ದಲ್ಲಿ ಒಸ್ಲಾ?" ಅವನು ಕೆಲಸದವರ ಕಡೆ ತಿರುಗಿ ಕೂಗಿದ: "ಲೇ, ಕೇಳುದ್ರೇನ್ರೋ? ನಮ್ ಚಪ್ಪರ ಮಲಗ್ತದಂತೆ ಕಣ್ರೋ!" ಆಮೇಲೆ ನನಗೆ, "ತಗಂಡ್ ಓಗಿ ಸ್ವಾಮಿ, ಕಾಲಿಗ್ ಅಡ್ಡ ಬಿದ್ದವೆ. ನನಗೂ ಜಾಗ ಆಯ್ತದೆ. ಮದ್ವೆಗ್ ನನ್ನೂ ಕರೀರಿ, ಅಷ್ಟೇಯ" ಎಂದ.

ಗೂಡ್ಸ್ ಷೆಡ್ಡಿನ ಆ ಗಂಡಸರಿಗೆ ಹೊರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತಲೆಗೆ ಸಿಂಬಿ ಸುತ್ತಿ, ಭಾನುವಾರವೊಂದರಲ್ಲಿ ಹಾಡಿಕೊಂಡು ಎಲ್ಲ ಕಲ್ಲುಗಳನ್ನೂ ಬೀದಿಗೆ ತಂದುಹಾಕಿದರು. ಮುನಿರಾಜು ತನ್ನ ಮನೆಯ ಕಲ್ಲನ್ನು ತಾನೇ ಹೊತ್ತು ತಂದ. ಜೊತೆಯವರು, "ಮಗಾ, ಮದ್ವೆಗ್ ಮುಂಚೇನೇ ಭಾರ ಹೊರಾದ್ ಕಲ್ತ್ಕೊ" ಎಂದು ರೇಗಿಸಿದರು.

ಮೊದಲ ಕಲ್ಲನ್ನು ಕೂರಿಸುವಾಗ ಅಕ್ಕಯ್ಯಮ್ಮ ಅರಿಶಿನ, ಕುಂಕುಮ, ತೆಂಗಿನಕಾಯಿ ತಂದು, "ನೀವೇ ಮಂತ್ರ ಹೇಳ್ಬೇಕು ಸ್ವಾಮಿ, ನಿಮ್ದೇ ಮನೆ ಇದು" ಎಂದಳು. ನಾನು ಪ್ಯಾಂಟಿನ ಕಾಲು ಮಡಿಸಿ ಮಣ್ಣಿನಲ್ಲಿ ಕುಳಿತೆ. ತಂದೆಯವರ ಬಾಯಿಂದ ಬಂದ ಮಂತ್ರಗಳು ಬಾಲ್ಯದಿಂದಲೂ ನನ್ನಲ್ಲಿದ್ದವು. ಕಾಲೇಜಿನಲ್ಲಿ ಕಲಿತ ಗೆರೆಗಳೂ ಇದ್ದವು. ಎರಡೂ ಒಂದೇ ದೇಹದಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ವಾಸವಾಗಿದ್ದವು. ಆ ಬೆಳಿಗ್ಗೆ, ತಲೆಯ ಮೇಲೆ ಸಣ್ಣ ವಿಮಾನ ಗುಂಯ್‌ಗುಟ್ಟುತ್ತಿರುವಾಗ, ಅವು ಒಂದೇ ಬಾಗಿಲಲ್ಲಿ ಎದುರುಬದುರಾಗಿ ಪರಸ್ಪರ ಕೈಮುಗಿದಂತೆ ನನಗನ್ನಿಸಿತು. ತಂದೆಯವರಿಗೆ ಇದನ್ನು ಹೇಳಿದೆ. ಮುಂದಿನ ವಾರ ಅವರು ಯಾರೋ ಬಂಧುಗಳಿಗೆ, "ನಮ್ಮವನು ಹೊಸ್ತಿಲ ಪ್ರತಿಷ್ಠೆ ಮಾಡಿಸ್ತಾನೆ" ಎನ್ನುತ್ತಿದ್ದುದು ಕಿವಿಗೆ ಬಿತ್ತು.

ಆಷಾಢಕ್ಕೆ ಮೊದಲೇ ಲಗ್ನ ನಡೆಯಿತು. ಮನೆ ತುಂಬಿಸುವ ಹೊತ್ತಿಗೆ ನಾನೂ ಪಿಳ್ಳಪ್ಪನೂ ಹೋದೆವು. ನರಹರಿರಾಯರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅಕ್ಕಿಯ ಸೇರು ಹೊಸ್ತಿಲ ಮೇಲೆ ಕುಳಿತಿತ್ತು. ಗೌರಮ್ಮ ಇನ್ನೇನು ಕಾಲೆತ್ತಬೇಕು, ಅಂಜಿನಪ್ಪ ಕೈ ಅಡ್ಡ ಹಿಡಿದು, "ತಡಿ ಮಗಾ" ಎಂದ. ಅವನು ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲನ್ನು ಸವರಿದ, ಅಲುಗಿಸಿ ನೋಡಿದ. ಅಲುಗಲಿಲ್ಲ. ಅವನ ಬೆರಳು ಕಲ್ಲಿನ ಒಂದು ತುದಿಯಲ್ಲಿ ನಿಂತಿತು. ದ್ರಾಕ್ಷಿ ಚಪ್ಪರದ ತಂತಿ ಹಾಯಿಸಲು ಹಿಂದೆ ಕೊರೆದಿದ್ದ ತೂತು, ಬೆರಳು ಹೋಗುವಷ್ಟು, ಬಾಗಿಲ ಬಲಬದಿಯಲ್ಲಿ ಮೇಲ್ಮುಖವಾಗಿ ಉಳಿದುಕೊಂಡಿತ್ತು.

"ಇದ್ಯಾಕೆ ಒಸ್ಲಿಗೆ ತೂತು?"

ಬೇರೆಯವರ ತೋಟದ ಮುರಿದ ಕಂಬ ಎಂದರೆ ಮಾಲೂರಿನ ಸಂಬಂಧ ಮತ್ತೆ ಎದ್ದು ಕೂರುತ್ತದೆ. ನಾನು ಬಾಯಿ ತೆರೆಯುವುದರೊಳಗೆ ಅಕ್ಕಯ್ಯಮ್ಮ ಬಾಗಿಲ ತೋರಣದಿಂದ ಸೇವಂತಿಗೆಯೊಂದನ್ನು ಕಿತ್ತು, ಬಗ್ಗಿ, ಅದರ ತೊಟ್ಟನ್ನು ತೂತಿನೊಳಗೆ ನೆಟ್ಟಳು. ಹೂವು ಅಲ್ಲಿಯೇ ಹುಟ್ಟಿದಂತೆ ನೆಟ್ಟಗೆ ನಿಂತಿತು.

"ಊವಿಗೆ, ಬೀಗ್ರೇ. ಯಾಕೆ, ನಿಮ್ಮೂರ್ ಒಸ್ಲಿಗಿಲ್ವಾ?"

ಅಂಜಿನಪ್ಪ ಸುತ್ತಲೂ ನೋಡಿದ. ತಮ್ಮೂರಿನ ಹೊಸ್ತಿಲಿಗೆ ಏನೋ ಕಡಿಮೆಯಿದೆಯೆಂದು ಅಷ್ಟು ಜನರ ಮುಂದೆ ಒಪ್ಪುವುದು ಅವನಿಂದಾಗಲಿಲ್ಲ. "ಇಲ್ದೇ ಏನು, ಐತೆ ಐತೆ" ಎಂದು ಎದ್ದು ಪಂಚೆ ಕೊಡವಿಕೊಂಡ. ನನ್ನ ಪಕ್ಕದಲ್ಲಿ ಪಿಳ್ಳಪ್ಪ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತಿದ್ದ. ಗೌರಮ್ಮ ಬಲಗಾಲೆತ್ತಿ ಸೇರನ್ನು ನೂಕಿದಳು. ಅಷ್ಟು ದಿನ ಕಾದ ಕಾಲು, ಬಲ ಸ್ವಲ್ಪ ಹೆಚ್ಚಾಯಿತು. ಸೇರು ಉರುಳಿ ಹಿಂದಿನ ಗೋಡೆಗೆ ಬಡಿದು ಠಣ್ಣೆಂದಿತು, ಅಕ್ಕಿ ಮನೆಯೆಲ್ಲ ಚೆಲ್ಲಿತು. "ಅಂಗಿರ್ಬೇಕು ನನ್ ಸೊಸೆ!" ಎಂದು ಅಕ್ಕಯ್ಯಮ್ಮ ಕೂಗಿದಳು.

ಆ ವಾರದಲ್ಲಿಯೇ ಬೀಗದಕೈಗಳೆಲ್ಲ ನಮ್ಮ ಗೋಡೆಯಿಂದ ಇಳಿದು ಹೋದವು. ನಾನು ಮುಂದಿನ ಸಲ ಹೋದಾಗ, ಬೀದಿಯ ಉದ್ದಕ್ಕೂ ಪ್ರತಿ ಹೊಸ್ತಿಲಿನ ತೂತಿನಲ್ಲಿಯೂ ಒಂದೊಂದು ಹೂವಿತ್ತು. ಹೂ ಸಿಗದವರು ತುಳಸಿಯ ಕುಡಿ ಇಟ್ಟಿದ್ದರು.

ನರಹರಿರಾಯರ ಚೌಕಟ್ಟು ಗೆದ್ದಿತು. "ಮರರಹಿತ ಹೊಸ್ತಿಲು" ತಮ್ಮದೇ ಆಲೋಚನೆಯೆಂದು ಅವರು ಸಭೆಗಳಲ್ಲಿ ಹೇಳತೊಡಗಿದರು. ಅದಕ್ಕಾಗಿ ಮುಗ್ಗರಿಸಿದವರು ಅವರೇ ಆದುದರಿಂದ ನಾನು ಎಂದೂ ಆಕ್ಷೇಪಿಸಲಿಲ್ಲ. ಮಾದರಿ ನಕ್ಷೆಗಾಗಿ ನಮ್ಮ ಕೊಠಡಿಯ ವರದಯ್ಯನನ್ನು ಜಕ್ಕೂರಿಗೆ ಕಳಿಸಿದರು. ವರದಯ್ಯ ಕಂಡದ್ದನ್ನು ಕಂಡ ಹಾಗೆಯೇ ಬರೆಯುವ ನಿಷ್ಠಾವಂತ, ಗೋಡೆಯ ಮೇಲೆ ಹಲ್ಲಿಯಿದ್ದರೆ ಅದೂ ನಕ್ಷೆಗೆ ಬರುವುದೆಂದು ನಾವು ಹಾಸ್ಯ ಮಾಡುತ್ತಿದ್ದೆವು. ಅವನು ಹೊಸ್ತಿಲನ್ನು ಅಳೆದು, ಬಲತುದಿಯ ತೂತನ್ನೂ ಅಳೆದು, ಸುಂದರವಾದ ಸಣ್ಣ ವೃತ್ತವಾಗಿ ಬರೆದಿಟ್ಟ. ರಾಯರು ಪೆನ್ಸಿಲು ಹಿಡಿದು ಆ ವೃತ್ತದ ಮೇಲೆ ಬಗ್ಗಿದರು.

"ಇದೇನಯ್ಯಾ ವರದಯ್ಯ?"

"ಸೈಟಿನಲ್ಲಿ ಇದೆ ಸಾರ್."

ಕೆಂಪು ಪೆನ್ಸಿಲು ಗಾಳಿಯಲ್ಲಿ ನಿಂತಿತು. ಜಕ್ಕೂರಿನ ಬಾಗಿಲಲ್ಲಿ ಅವರ ಕಾಲು ನಿಂತಿದ್ದಂತೆಯೇ ನಿಂತಿತು. ಬಳಿಕ ರಾಯರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಪೆನ್ನು ತೆಗೆದು ಸಹಿ ಮಾಡಿದರು. ಅವರು ಏನನ್ನೂ ಹೊಡೆದುಹಾಕದೆ ಸಹಿ ಮಾಡಿದ ನಕ್ಷೆ ನನಗೆ ತಿಳಿದಂತೆ ಅದೊಂದೇ.

ಎಂಬತ್ತರ ದಶಕದ ನಡುವಿನಲ್ಲಿ ತುಮಕೂರು ರಸ್ತೆಯ ನಾಗಸಂದ್ರದ ಕಡೆ ಇನ್ನೊಂದು ಕಾಲೋನಿ ಕಟ್ಟುತ್ತಿದ್ದೆವು. ರಾಯರು ಆ ವೇಳೆಗೆ ನಿವೃತ್ತರು. ಅಲ್ಲಿ ದ್ರಾಕ್ಷಿ ತೋಟವಿಲ್ಲ, ಕಲ್ಲೆಲ್ಲ ಕ್ವಾರಿಯಿಂದ ಹೊಸದಾಗಿ ಬಂದದ್ದು. ಬಿಸಿಲಿನಲ್ಲಿ ಕಲ್ಲುಕುಟಿಗರು ಉಳಿ ಹಿಡಿದು, ಒಂದೊಂದು ಹೊಸ ಹೊಸ್ತಿಲಿನ ಬಲತುದಿಯಲ್ಲಿಯೂ ಶ್ರದ್ಧೆಯಿಂದ ತೂತು ಕೊರೆಯುತ್ತಿದ್ದರು. ಗುತ್ತಿಗೆದಾರ ಎಳೆಯ ವಯಸ್ಸಿನವನು. 'ಈಗ ಕೇಳಲೋ, ಬೇಡವೋ' ಎಂಬಂತೆ ನಕ್ಷೆಯ ಸುರುಳಿ ಬಿಚ್ಚಿಕೊಂಡು ನನ್ನ ಬಳಿ ಬಂದ.

"ಸಾರ್, ತಪ್ಪು ತಿಳ್ಕೋಬೇಡಿ. ಬೆಳಗಿಂದ ಎಲ್ಲರ ಹತ್ರಾನೂ ಕೇಳ್ದೆ, ಯಾರಿಗೂ ಗೊತ್ತಿಲ್ಲ. ಇದು ಯಾತಕ್ ಸಾರ್ ಈ ತೂತು?"

ನಾನು ಸುತ್ತಲೂ ನೋಡಿದೆ. ಕಲ್ಲಿನ ರಾಶಿಯ ಪಕ್ಕದಲ್ಲಿ ಕಾಡುಸೇವಂತಿಗೆಯಂಥ ಯಾವುದೋ ಹಳದಿ ಹೂ ಬಿಟ್ಟಿತ್ತು. ಕಿತ್ತುತಂದು ಹೊಸ ಕಲ್ಲಿನ ತೂತಿನಲ್ಲಿ ನೆಟ್ಟೆ.

"ಹೂವಿಗೆ ಕಣಪ್ಪಾ" ಎಂದೆ. "ಯಾಕೆ, ನಿಮ್ಮ ಮನೆಯ ಹೊಸ್ತಿಲಿಗೆ ಇಲ್ಲವೇ?"

ಅವನು ಸ್ವಲ್ಪ ಯೋಚಿಸಿದ.

"ಇದೆ ಸಾರ್, ಇದೆ" ಎಂದು ಹೇಳಿ, ಕಲ್ಲುಕುಟಿಗರಿಗೆ ವಿವರಿಸಲು ಅವಸರವಾಗಿ ಹೊರಟುಹೋದ.